ಪೈಲ್ವಾನನ ಮೂರು ಕಾಲು, ಮೇಸ್ತ್ರಿಗಳ ನೆಲ

ಐವತ್ತೆರಡು ಕಿಲೋ ತೂಕದ ಜೀವವೊಂದನ್ನು ದಿನಕ್ಕೆ ಐದು ಸಲ ಎರಡೂ ಕೈಯಲ್ಲಿ ಎತ್ತಿಕೊಂಡು, ನಾಲ್ಕು ಮೆಟ್ಟಿಲು ಇಳಿದು, ಅಂಗಳದ ಮೂಲೆಯ ಗಿಡದ ಬುಡಕ್ಕೆ ಮುಟ್ಟಿಸಿ, ಅದು ತನ್ನ ಕಾರ್ಯ ಪೂರೈಸುವ ತನಕ ಮರ್ಯಾದೆಯಿಂದ ಆ ಕಡೆ ಮುಖ ತಿರುಗಿಸಿ ನಿಂತು, ಮತ್ತೆ ಎತ್ತಿಕೊಂಡು ನಾಲ್ಕು ಮೆಟ್ಟಿಲು ಹತ್ತುವ ಗಂಡಸರು ಈ ಭೂಮಂಡಲದಲ್ಲಿ ಎಷ್ಟು ಜನ ಇದ್ದಾರು? ಹೆಚ್ಚಿಲ್ಲ ಬಿಡಿ. ಇರುವ ಕೆಲವರಲ್ಲಿ ನಮ್ಮ ಪಾಲಿಶ್ ಮೇಸ್ತ್ರಿಗಳು ಒಬ್ಬರು. ನಂಬಿಕೆ ಬಾರದಿದ್ದರೆ ಅವರ ಸೊಂಟವನ್ನು ಕೇಳಿ. ಹದಿನಾಲ್ಕು ದಿನಗಳಿಂದ ಅದು ಬೇರೆ ಮಾತೇ ಆಡಿಲ್ಲ.

(ಮೇಸ್ತ್ರಿಗಳು, ಬಂದರು, ಹೋದರು ಎಂದು ಬಹುವಚನ ಬಳಸುತ್ತಿರುವುದು ಕಥೆ ಹೇಳುವವರ ದಾಕ್ಷಿಣ್ಯ. ಅವರ ಮನೆಯಲ್ಲಿ ಬಹುವಚನ ಬಾಯಿಮಾತಿಗೆ ಮಾತ್ರ, ಮರ್ಯಾದೆಯೆಲ್ಲ ಹೆಂಡತಿಗೂ ಅತ್ತೆಗೂ ಖರ್ಚಾಗಿ, ಉಳಿದದ್ದು ನಾಯಿಗೆ.)

ಆ ಜೀವದ ಹೆಸರು ಪೈಲ್ವಾನ. ಹೆಸರು ಇಟ್ಟಾಗ ಅಂಗೈ ಮೇಲೆ ಕೂರುವಷ್ಟಿತ್ತು. ಹೆಸರು ಉಳಿಸಬೇಕೆಂಬ ಛಲವೋ ಏನೋ, ಎರಡೇ ವರ್ಷದಲ್ಲಿ ಊಟದ ಮೇಜಿನ ಎತ್ತರಕ್ಕೆ ಬೆಳೆದು ನಿಂತ. ಬೊಗಳಿದರೆ ಕಿಟಕಿಯ ಗಾಜು ಅದುರಬೇಕು, ಬಾಲ ಆಡಿಸಿದರೆ ಟೀ ಲೋಟ ಉರುಳಬೇಕು. ಅಂಥವನಿಗೆ ಈಗ ಮೂರು ಕಾಲು.

ಆದದ್ದು ಹೀಗೆ. ನೆಲಕ್ಕೆ ಪಾಲಿಶ್ ಹಾಕುವ ಕಸುಬಿಗೆ ನೀರು ಧಾರಾಳ ಬೇಕು. ಒಂದು ಬೆಳಿಗ್ಗೆ ಮೇಸ್ತ್ರಿಗಳು ಮನೆಗೇ ನೀರಿನ ಟ್ಯಾಂಕರ್ ಕರೆಸಿದ್ದರು. ಗೇಟು ತೆಗೆದವರು ಅವರೇ. ಲಾರಿಯ ಹಿಂದೆ ನಿಂತು "ಬರ್ಲಿ, ಬರ್ಲಿ, ಇನ್ನೂ ಬರ್ಲಿ" ಎಂದು ಕೈ ಬೀಸಿದವರೂ ಅವರೇ. ಪೈಲ್ವಾನ ಯಾವ ಗಳಿಗೆಯಲ್ಲಿ ಬಂದು ಚಕ್ರದ ಪಕ್ಕದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಾ ಮಲಗಿದ್ದನೋ, ಅದನ್ನು ಮಾತ್ರ ನೋಡಲಿಲ್ಲ. ಎಡ ಹಿಂಗಾಲು ಹಿಟ್ಟಾಯಿತು. ನಾಯಿ ಆಸ್ಪತ್ರೆಯ ಡಾಕ್ಟರಮ್ಮ, ಕಾಲು ತೆಗೆದರೆ ಮಾತ್ರ ಜೀವ ಉಳಿಯುತ್ತದೆ ಎಂದು ಕಾಗದ ಮುಂದೆ ಇಟ್ಟರು. ಸಹಿ ಹಾಕಿದವರೂ ಮೇಸ್ತ್ರಿಗಳೇ.

ಅವರ ಹೆಂಡತಿ ಬಸ್ ಕಂಡಕ್ಟರ್. ಊರಿಗೆಲ್ಲ ಕಂಡಕ್ಟರಮ್ಮ. ಆ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವರು ಒಂದೇ ಒಂದು ಮಾತು ಆಡಿದರು: "ಹದಿನೆಂಟು ವರ್ಷದಿಂದ ಬಸ್ಸಿಗೆ ರೈಟ್ ಹೇಳ್ತಿದೀನ್ರೀ. ಒಂದು ಇರುವೆ ಸತ್ತಿಲ್ಲ." ಗಂಡನ ಮುಖ ನೋಡಿದ ಮೇಲೆ ಆ ಮಾತನ್ನು ಮತ್ತೆ ಎತ್ತಲಿಲ್ಲ. ಎತ್ತಿದ್ದರೇ ಚೆನ್ನಾಗಿತ್ತು. ಬೈಗುಳ ತಿಂದು ಮುಗಿಸಿದರೆ ಮುಗಿಯುತ್ತದೆ, ಹೇಳದೆ ಬಿಟ್ಟದ್ದು ಒಳಗೇ ಕೂತು ಕೊರೆಯುತ್ತದೆ. ಮೇಸ್ತ್ರಿಗಳಿಗೆ ಅನ್ನ ನೀರು ಸೇರಲಿಲ್ಲ.

ಹೊಲಿಗೆ ಒಣಗಿದ ಮೇಲೆ ಡಾಕ್ಟರಮ್ಮ ಪೈಲ್ವಾನನನ್ನು ಮನೆಗೆ ಕಳಿಸುತ್ತಾ ಖಡಾಖಂಡಿತವಾಗಿ ಹೇಳಿದರು: "ಹದಿನಾಲ್ಕು ದಿನ ಟೈಮು. ಅಷ್ಟರಲ್ಲಿ ಅವನಷ್ಟಕ್ಕೆ ಅವನು ಎದ್ದು ಓಡಾಡ್ಬೇಕು. ಇಷ್ಟು ದೊಡ್ಡ ನಾಯಿ ಮಲಗೇ ಇದ್ರೆ ಉಳಿದ ಮೂರು ಕಾಲೂ ಸೋತು ಹೋಗುತ್ತೆ. ಆಮೇಲೆ ಮೈಯೆಲ್ಲ ಹುಣ್ಣಾಗುತ್ತೆ. ಅದರ ಮೇಲೆ ನನ್ನ ಕೈಲೂ ಏನಿಲ್ಲ. ಮೊದಮೊದಲು ಸ್ವಲ್ಪ ಆಸರೆ ಕೊಡಿ, ಸಾಕು. ಅಂದಹಾಗೆ, ನಿಮ್ಮನೆ ನೆಲ ಹೇಗಿದೆ?"

ಎಷ್ಟು ಸಂಕಟದಲ್ಲಿದ್ದರೂ ಈ ಪ್ರಶ್ನೆ ಕೇಳಿದರೆ ಮೇಸ್ತ್ರಿಗಳ ಎದೆ ಉಬ್ಬುತ್ತದೆ. "ಕನ್ನಡಿ ಇದ್ದಂಗಿದೆ ಡಾಕ್ಟ್ರೇ!"

"ಅಯ್ಯೋ, ಅದೇ ಶತ್ರು" ಅಂದರು ಡಾಕ್ಟರಮ್ಮ.

ಶತ್ರು! ಇಪ್ಪತ್ತಮೂರು ವರ್ಷ ಊರವರ ನೆಲ ಉಜ್ಜಿದ ಮನುಷ್ಯ, ತನ್ನ ಸ್ವಂತ ಮನೆಯ ಮೊಸಾಯಿಕ್ ನೆಲವನ್ನು ಮಾತ್ರ ಯಾವ ಗಡಿಬಿಡಿಯೂ ಇಲ್ಲದೆ, ಒರಟು ಕಲ್ಲಿನಿಂದ ಶುರುಮಾಡಿ ನಯಕ್ಕಿಂತ ನಯ ಕಲ್ಲಿಗೆ ಬಂದು, ಒಂಬತ್ತು ಸುತ್ತು ಹೊಡೆದು ಮುಗಿಸಿದ್ದರು. ಹೊಸ ಗಿರಾಕಿಗಳು ಬಂದರೆ ಬಾಗಿಲಲ್ಲೇ ನಿಲ್ಲಿಸಿ, "ಬಗ್ಗಿ ನೋಡಿ, ಏನು ಕಾಣುತ್ತೆ?" ಎನ್ನುವರು. ಗಿರಾಕಿಗೆ ತನ್ನ ಮೂಗಿನ ಹೊಳ್ಳೆ ಕಾಣುತ್ತಿತ್ತು. ಅಲ್ಲಿಗೆ ಕೆಲಸ ಗಿಟ್ಟಿತು ಎಂದೇ ಲೆಕ್ಕ. ಮನೆಯಲ್ಲೇ ಇರುವ ಅವರ ಅತ್ತೆ, ಅಂದರೆ ಕಂಡಕ್ಟರಮ್ಮನ ತಾಯಿ, ಅಳಿಯನ ಈ ಸಾಧನೆಯ ಮೇಲೆ ಗೋಡೆ ಹಿಡಿಯದೆ ಒಂದು ದಿನವೂ ನಡೆದವರಲ್ಲ.

ಮನೆಗೆ ಬಂದ ದಿನ ಪೈಲ್ವಾನ ಹೊಸಿಲು ದಾಟಿ ಮೊದಲ ಹೆಜ್ಜೆ ಇಟ್ಟ. ಮೂರು ಕಾಲು ಮೂರು ದಿಕ್ಕಿಗೆ ಹೋದವು. ದೊಪ್ಪೆಂದು ಬಿದ್ದ ಸದ್ದಿಗೆ ಅತ್ತೆ ಅಡುಗೆಮನೆಯಿಂದ "ಏನ್ರೀ ಅದು, ಬೀರು ಬಿತ್ತೇನ್ರೀ?" ಎಂದು ಕೂಗಿದರು. ಬಿದ್ದವನು ತಲೆ ಎತ್ತಿ ಮೇಸ್ತ್ರಿಗಳನ್ನು ಒಂದು ನೋಟ ನೋಡಿದ. ಅಷ್ಟೇ. ಆ ನೋಟದಲ್ಲಿ ಮೇಸ್ತ್ರಿಗಳಿಗೆ ಟ್ಯಾಂಕರು, ಗೇಟು, ತಾವು ಬೀಸಿದ ಕೈ, ಹಾಕಿದ ಸಹಿ, ಎಲ್ಲವೂ ಸಾಲಾಗಿ ಕಂಡವು. ಅವತ್ತಿನಿಂದ ಪೈಲ್ವಾನ ಅವರ ಕಣ್ಣೆದುರು ಏಳಲೇ ಇಲ್ಲ. ಹತ್ತಿರ ಹೋದರೆ ಕುಂಯ್ ಎನ್ನುವನು, ಮುಂಗಾಲು ಒಂದನ್ನು ಮೇಲೆತ್ತುವನು, ಮೇಸ್ತ್ರಿಗಳ ಕರುಳು ಕಿತ್ತು ಬರುವುದು, ಎತ್ತಿಕೊಳ್ಳುವರು. ಒಪ್ಪಿಕೊಂಡಿದ್ದ ಕೆಲಸಗಳನ್ನೆಲ್ಲ ಮುಂದಕ್ಕೆ ಹಾಕಿ ಮನೆಯಲ್ಲೇ ಕೂತರು.

"ಎತ್ತಬೇಡ್ರೀ, ಏಳ್ತಾನೆ" ಅಂದರು ಕಂಡಕ್ಟರಮ್ಮ ಎರಡನೇ ದಿನ.

"ಎಲ್ಲಿಂದ ಏಳ್ತಾನೆ? ಕಾಲಿದ್ರೆ ತಾನೆ?"

"ಮೂರಿದಾವಲ್ರೀ! ನಿಮಗಿಂತ ಒಂದು ಜಾಸ್ತಿ."

ಗಣಿತದಲ್ಲಿ ಸೋತಾಗ ಗಂಡಸರು ಮಾಡುವುದನ್ನೇ ಮೇಸ್ತ್ರಿಗಳೂ ಮಾಡಿದರು. ಎದ್ದು ಅಂಗಡಿಗೆ ಹೋದರು.

ಮೊದಲು ತಂದದ್ದು ಚಾಪೆ. ಏಳು ಚಾಪೆ, ಬಾಗಿಲಿಂದ ಅಡುಗೆಮನೆ ತನಕ ರಸ್ತೆ ಹಾಕಿದ ಹಾಗೆ ಹಾಸಿದರು. ಆದರೆ ನೆಲ ಯಾರು ಮಾಡಿದ್ದು? ಒಂಬತ್ತು ಸುತ್ತಿನ ನೆಲ ನಾಯಿಯನ್ನೇ ನಿಲ್ಲಗೊಡದ ಮೇಲೆ ಚಾಪೆಯನ್ನು ನಿಲ್ಲಗೊಡುತ್ತದೆಯೇ? ಅತ್ತೆಯವರು ಚಾಪೆ ಇದೆ ಎಂಬ ಭರವಸೆಯಲ್ಲಿ ಹತ್ತು ವರ್ಷಗಳಲ್ಲಿ ಮೊದಲ ಸಲ ಗೋಡೆ ಬಿಟ್ಟು ಕಾಲಿಟ್ಟರು. ಚಾಪೆ ಹೊರಟಿತು. ಅತ್ತೆಯವರೂ ಹೊರಟರು. ನಡುಮನೆಯಿಂದ ಹೊರಟವರು ಕೈಯಲ್ಲಿದ್ದ ಟೀ ಲೋಟದ ಸಮೇತ ಮುಂಬಾಗಿಲು ತಲುಪಿ, ಅಲ್ಲಿದ್ದ ಚಪ್ಪಲಿ ಗೂಡಿಗೆ ಆತು ನಿಂತರು. ಟೀ ಒಂದು ತೊಟ್ಟು ಚೆಲ್ಲಿರಲಿಲ್ಲ.

"ಅಳಿಯಂದ್ರೇ" ಅಂದರು ಅಲ್ಲಿಂದಲೇ, ಉಸಿರು ಸರಿಮಾಡಿಕೊಂಡು. "ನನ್ನನ್ನ ಕಳಿಸ್ಬೇಕೂಂತಿದ್ರೆ ಬಾಯಿ ಬಿಟ್ಟು ಹೇಳಿ. ಬಟ್ಟೆ ಗಂಟು ಕಟ್ಕೊಂಡು ನಾನೇ ಹೋಗ್ತೀನಿ. ಹಿಂಗೆ ಚಾಪೆ ಮೇಲೆ ಕೂರಿಸಿ ಕಳಿಸ್ಬೇಡಿ."

ಚಾಪೆ ಹೋಯಿತು. ಮೇಸ್ತ್ರಿಗಳು ಎರಡನೇ ಉಪಾಯ ಹೂಡಿದರು. ಮಕ್ಕಳ ಕಾಲುಚೀಲ, ಅಡಿಯಲ್ಲಿ ರಬ್ಬರಿನ ಚುಕ್ಕೆ ಇರುವಂಥದ್ದು. ಅದನ್ನು ನಾಯಿಗೆ ಹಾಕಿದರೆ ಹಿಡಿತ ಸಿಗುತ್ತದೆಂದು ಯಾರೋ ಹೇಳಿದ್ದರು.

"ಮೂರು ಕೊಡಿ" ಅಂದರು ಅಂಗಡಿಯಲ್ಲಿ.

"ಮೂರು ಜೊತೆನಾ?" ಅಂದ ಅಂಗಡಿಯವನು.

"ಮೂರು. ಬರೀ ಮೂರು."

"ಜೊತೆ ಒಡೆಯಕ್ಕಾಗಲ್ಲ ಸ್ವಾಮಿ. ಉಳಿದ ಒಂದನ್ನ ನಾನು ಯಾರಿಗೆ ಮಾರ್ಲಿ? ಮಗು ಎಷ್ಟು ದೊಡ್ಡದು?"

"ಐವತ್ತೆರಡು ಕಿಲೋ."

ಅಂಗಡಿಯವನು ಕಾಲುಚೀಲ ಮಡಿಸುತ್ತಿದ್ದ ಕೈ ನಿಲ್ಲಿಸಿ ಮೇಸ್ತ್ರಿಗಳನ್ನು ಅಡಿಯಿಂದ ಮುಡಿಯ ತನಕ ನೋಡಿದ. "ಮಗೂಗೆ ಕಾಲು... ಮೂರಾ?"

"ನಾಲ್ಕಿತ್ತು" ಎಂದರು ಮೇಸ್ತ್ರಿಗಳು. ಅಷ್ಟು ಹೇಳುವಷ್ಟರಲ್ಲಿ ಕಣ್ಣು ತುಂಬಿತು, ಅಂಗಡಿಯ ನಡುವೆ, ಸಾಲುಗಟ್ಟಿ ತೂಗುತ್ತಿದ್ದ ಪುಟ್ಟ ಪುಟ್ಟ ಟೋಪಿಗಳ ಕೆಳಗೆ ನಿಂತು ಬಿಕ್ಕಿಬಿಕ್ಕಿ ಅತ್ತುಬಿಟ್ಟರು. ಅಂಗಡಿಯವನು ಗಾಬರಿಯಾಗಿ ಎರಡು ಜೊತೆ ಕೊಟ್ಟು, ಒಂದು ಲೋಟ ನೀರನ್ನೂ ಕೊಟ್ಟು, ಬಾಗಿಲ ತನಕ ಬಂದು ಕಳಿಸಿದ. ಮೂರು ಕಾಲುಚೀಲವನ್ನು ಪೈಲ್ವಾನ ಹಾಕಿಸಿಕೊಂಡ ಹತ್ತು ನಿಮಿಷದಲ್ಲಿ ತಿಂದ. ನಾಲ್ಕನೆಯದನ್ನು ಮೇಸ್ತ್ರಿಗಳ ಜೇಬಿನಿಂದಲೇ ಎಳೆದು ತಿಂದ.

ಐದನೆಯ ದಿನ ಅತ್ತೆ ಒಂದು ವಿಚಿತ್ರ ಸುದ್ದಿ ತಂದರು. "ಅಳಿಯಂದ್ರೇ, ನೀವು ಸ್ನಾನಕ್ಕೆ ಹೋದಾಗ ಇವ್ನು ಎದ್ದು ಅಡುಗೆಮನೆಗೆ ಬಂದಿದ್ದ. ನನ್ನ ಬ್ರೆಡ್ಡು ತಿಂದು ಹೋದ."

"ಅತ್ತೆ, ನಿಮ್ಮ ಕನ್ನಡಕ ಎಲ್ಲಿ?"

"ಕನ್ನಡಕ ಇಲ್ಲೇ ಇದೆ, ನನ್ನ ತಲೆ ಮೇಲೆ. ಬ್ರೆಡ್ಡು ಇಲ್ಲ."

"ತಲೆ ಮೇಲಿದ್ದ ಕನ್ನಡಕದಲ್ಲಿ ಏನು ಕಾಣುತ್ತೆ ಅತ್ತೆ? ಪಾಪ, ಅವನು ತಲೆ ಎತ್ತೋದೇ ಕಷ್ಟ."

ಆದರೂ ಪರೀಕ್ಷೆ ಮಾಡೋಣವೆಂದು ಮರುದಿನ ಸ್ನಾನದ ನಡುವೆ ಮೈತುಂಬ ಸೋಪಿನ ನೊರೆಯಲ್ಲಿ ಟವೆಲು ಸುತ್ತಿಕೊಂಡು ಧಡಾರನೆ ಬಾಗಿಲು ತೆಗೆದು ಹೊರಬಂದರು. ಪೈಲ್ವಾನ ಇದ್ದಲ್ಲೇ ಇದ್ದ. ಮಲಗಿದ್ದ. ಸ್ವಲ್ಪ ಏದುಸಿರು ಬಿಡುತ್ತಿದ್ದ. ಮೂತಿಯ ಮೇಲೆ ಬ್ರೆಡ್ಡಿನ ಪುಡಿ ಇತ್ತು. ಮೇಸ್ತ್ರಿಗಳಿಗೆ ಎದೆಯೇ ಒಡೆಯಿತು. ಏದುಸಿರು! ನೋವು ಹೆಚ್ಚಾಗಿರಬೇಕು. ಬ್ರೆಡ್ಡು? ಅತ್ತೆಗೆ ಎಷ್ಟು ಹೇಳಿದರೂ ಕೇಳುವುದಿಲ್ಲ, ಮಲಗಿದ ರೋಗಿಯ ಬಾಯಿಗೆ ಒಣ ಬ್ರೆಡ್ಡು ತುರುಕಿದ್ದಾರೆ. ಅವತ್ತು ಅತ್ತೆ ಅಳಿಯನ ನಡುವೆ ಆದ ಮಾತುಕತೆಯಲ್ಲಿ ಮೂರು ತಲೆಮಾರಿನ ಹಿಂದಿನವರೂ ಪಾಲ್ಗೊಂಡರು. ಸೋಪು ಮೈಮೇಲೇ ಒಣಗಿತು.

ದಿನ ಕಳೆದಂತೆ ಮೇಸ್ತ್ರಿಗಳು ಬತ್ತಿಹೋದರು. ಗಡ್ಡ ಬೆಳೆಯಿತು. ಸೊಂಟ ಒಂದು ಕಡೆಗೆ ವಾಲಿ, ನಡೆದರೆ ಯಾವುದೋ ಗಾಡಿ ಒಂದು ಚಕ್ರವಿಲ್ಲದೆ ಹೋದ ಹಾಗೆ ಕಾಣುತ್ತಿತ್ತು. ಹನ್ನೊಂದನೇ ದಿನ ಸಂಜೆ ಕಂಡಕ್ಟರಮ್ಮ ಡ್ಯೂಟಿ ಮುಗಿಸಿ ಬಂದು ಚೀಲ ಇಳಿಸುವಾಗ, ಗಂಡ ಪೈಲ್ವಾನನ ಪಕ್ಕ ನೆಲದ ಮೇಲೆ ಕೂತು ಗೋಡೆ ನೋಡುತ್ತಿದ್ದರು.

"ಅವನಿಗೆ ನನ್ನ ಮೇಲೆ ಸಿಟ್ಟು ಕಣೇ" ಅಂದರು ತಿರುಗದೆ.

"ನಾಯಿಗೆ ಎಂಥ ಸಿಟ್ಟು ರೀ?"

"ಇಲ್ಲ, ಸಿಟ್ಟಿದೆ. ಬರ್ಲಿ ಬರ್ಲಿ ಅಂದಿದ್ದು ಕೇಳಿಸ್ಕೊಂಡಿದಾನೆ. ನಾನು ಕರೆದ್ರೆ ಏಳಲ್ಲ. ಬರೀ ನೋಡ್ತಾನೆ. ಮೂರು ದಿನ ಉಳಿದಿದೆ. ಏಳಲಿಲ್ಲಾಂದ್ರೆ ಡಾಕ್ಟರಮ್ಮ ಏನು ಹೇಳ್ತಾರೆ ಅಂತ ನಂಗೆ ಗೊತ್ತು. ಆ ಕಾಗದಕ್ಕೂ ನಾನೇ ಸಹಿ ಹಾಕ್ಬೇಕಾಗುತ್ತೆ. ನನ್ನ ಕೈಲಾಗಲ್ಲ."

ಬಸ್ಸು ತುಂಬ ಜನವನ್ನು ಒಂದು ಗದರಿಕೆಯಲ್ಲಿ ಹಿಂದಕ್ಕೆ ತಳ್ಳುವ ಕಂಡಕ್ಟರಮ್ಮ ಚೀಲ ಅಲ್ಲೇ ಬಿಟ್ಟು ಬಂದರು. ಪಕ್ಕದಲ್ಲೇ ಕೂತರು. "ಟೀ ಮಾಡ್ಲಾ?" ಅಂದರು. ಪೈಲ್ವಾನ ಇಬ್ಬರ ನಡುವೆ ತಲೆ ತೂರಿಸಿ ಗೊರಕೆ ಹೊಡೆಯುತ್ತಿದ್ದ.

ಹನ್ನೆರಡನೇ ದಿನ ಬೆಳಿಗ್ಗೆ ಮೇಸ್ತ್ರಿಗಳು ನಿರ್ಧಾರ ಮಾಡಿದರು. ಹೆಂಡತಿಯನ್ನು ಡ್ಯೂಟಿಗೆ ಕಳಿಸಿ, ಧೂಳಾಗುತ್ತದೆಂದು ಅತ್ತೆಯನ್ನು ಪಕ್ಕದ ಮನೆಗೆ ಸಾಗಿಸಿ, ಪೈಲ್ವಾನನನ್ನು ಎತ್ತಿ ಹೊರಗಿನ ಜಗಲಿಯಲ್ಲಿ ಮಲಗಿಸಿ, ಸಾಮಾನೆಲ್ಲ ಹಿತ್ತಲಿಗೆ ಹೊತ್ತು, ಮಷೀನು ಒಳಗೆ ತಂದರು. ಅದರ ಅಡಿಗೆ ಎಲ್ಲಕ್ಕಿಂತ ಒರಟು ಕಲ್ಲು ಕಟ್ಟಿದರು. ನೆಲವನ್ನು ಕೊನೆಯ ಸಲ ಬಗ್ಗಿ ನೋಡಿದರು. ಗಡ್ಡ ಬೆಳೆದ, ಕಣ್ಣು ಕೆಂಪಾದ ಒಬ್ಬ ಮನುಷ್ಯ ಅಷ್ಟೇ ಸ್ಪಷ್ಟವಾಗಿ ಇವರನ್ನು ನೋಡುತ್ತಿದ್ದ. "ತಪ್ಪಾಯ್ತಪ್ಪ" ಎಂದು ಆ ಮುಖಕ್ಕೆ ಹೇಳಿ ಸ್ವಿಚ್ ಒತ್ತಿದರು.

ಇಪ್ಪತ್ತಮೂರು ವರ್ಷದ ಕಸುಬಿನಲ್ಲಿ ಒರಟನ್ನು ನಯ ಮಾಡಿದ್ದೇ ಹೊರತು ನಯವನ್ನು ಒರಟು ಮಾಡಿದ್ದಿಲ್ಲ. ಮಷೀನು ಮೊದಲ ಸುತ್ತು ತಿರುಗಿದಾಗ ಬಂದ ಕರಕರ ಸದ್ದು ಅವರ ಹಲ್ಲಿಗೂ ಮೂಳೆಗೂ ತಟ್ಟಿತು. ಹೊಳಪು ಹೋಯಿತು. ಬಿಳಿ ರಾಡಿ ಎದ್ದಿತು. ಒಂದು ಕೋಣೆ, ಎರಡು ಕೋಣೆ, ನಡುಮನೆ. ತೊಳೆದು ಹೆಬ್ಬೆರಳಿನಿಂದ ಉಜ್ಜಿ ನೋಡಿದರೆ, ಅಷ್ಟೇನೂ ಒರಟಾಗಿಲ್ಲ ಅನ್ನಿಸಿತು. ಅರ್ಧಂಬರ್ಧ ಕೆಲಸ ಅವರ ಜಾಯಮಾನವಲ್ಲ. ಹಾಳು ಮಾಡುವುದೇ ಆದರೂ ಅಚ್ಚುಕಟ್ಟಾಗಿ ಹಾಳು ಮಾಡಬೇಕು. ಉಳಿ, ಸುತ್ತಿಗೆ ತೆಗೆದುಕೊಂಡು, ಸವೆದ ಅರೆಯುವ ಕಲ್ಲಿಗೆ ಮತ್ತೆ ಒರಟು ಬರಲೆಂದು ಮುಳ್ಳು ಹೊಡೆಯುವ ಹಾಗೆ, ಮನೆಯಿಡೀ ಮಂಡಿಯೂರಿ ಕುಟ್ಟುತ್ತಾ ಹೋದರು. ಸಂಜೆಯ ಹೊತ್ತಿಗೆ ಆ ನೆಲದ ಮೇಲೆ ಬೇಕಾದರೆ ಏನನ್ನಾದರೂ ಅರೆದು ನುಣ್ಣಗೆ ಮಾಡಬಹುದಿತ್ತು.

ಆಮೇಲೆ ಪೈಲ್ವಾನನನ್ನು ಎತ್ತಿ ತಂದು ನಡುಮನೆಯ ನಡುವೆ ಇಳಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಕೈ ಚಾಚಿ, "ಏಳಪ್ಪ. ಈಗ ಜಾರಲ್ಲ. ನೋಡು, ನಿನಗೋಸ್ಕರ ಮಾಡಿದೀನಿ. ಏಳು" ಅಂದರು.

ಪೈಲ್ವಾನ ನೆಲ ಮೂಸಿದ. ಸೀನಿದ. ಮೇಸ್ತ್ರಿಗಳನ್ನು ನೋಡಿದ. ಕುಂಯ್ ಎಂದು ಮುಂಗಾಲು ಮೇಲೆತ್ತಿದ.

ಮೇಸ್ತ್ರಿಗಳು ಅಲ್ಲೇ ಕುಸಿದರು. ಆ ಹೊತ್ತಿಗೆ ಸರಿಯಾಗಿ ಕಂಡಕ್ಟರಮ್ಮ ಒಳಗೆ ಬಂದರು. ಬಿಳಿ ರಾಡಿಯಲ್ಲಿ ಅದ್ದಿ ತೆಗೆದಂತಿದ್ದ ಗಂಡ, ಬಾಲದ ತುದಿಗೆ ಸುಣ್ಣ ಬಳಿದುಕೊಂಡಂತಿದ್ದ ನಾಯಿ, ಸಿಡುಬು ಎದ್ದಂತಿದ್ದ ನೆಲ. ಹೆಗಲ ಚೀಲ ಇಳಿಸಿ ಗೋಡೆಗೆ ಒರಗಿದರು. ಅವರ ಹಿಂದೆಯೇ ಬಂದ ಅತ್ತೆ ಮಾತ್ರ ಗೋಡೆ ಬಿಟ್ಟು ನಾಲ್ಕು ಹೆಜ್ಜೆ ನಡೆದು ನೋಡಿ, "ನಂಗೇನೋ ಚೆನ್ನಾಗಿದೆ ಅನ್ನಿಸುತ್ತೆ" ಅಂದರು. ಧೂಳು ಅಡಗುವ ತನಕ, ಎರಡು ದಿನ, ಪೈಲ್ವಾನನನ್ನು ಹೊರಗಿನ ಜಗಲಿಯಲ್ಲೇ ಮಲಗಿಸಿದರು.

ಹದಿನಾಲ್ಕನೇ ದಿನ. ಆಸ್ಪತ್ರೆಗೆ ಆಟೋದಲ್ಲಿ ಹೋದರು. ಪೈಲ್ವಾನ ಮೇಸ್ತ್ರಿಗಳ ತೊಡೆಯ ಮೇಲೆ, ಮೇಸ್ತ್ರಿಗಳ ಪ್ರಾಣ ಬಾಯಿಯಲ್ಲಿ. ಆಟೋದಿಂದ ಡಾಕ್ಟರಮ್ಮನ ಕೋಣೆಯ ತನಕ ಹೊತ್ತುಕೊಂಡು ಹೋಗಿ ಕೆಳಗಿಳಿಸಿ, ತಲೆ ಅಡ್ಡಡ್ಡ ಆಡಿಸಿದರು.

"ಒಂದು ದಿನವೂ ಎದ್ದಿಲ್ವಾ?" ಡಾಕ್ಟರಮ್ಮ ಪೈಲ್ವಾನನ ಮೂರೂ ಕಾಲುಗಳನ್ನು ಒತ್ತಿ, ಮಡಿಸಿ, ನೀಡಿ ನೋಡಿದರು. ಹುಬ್ಬು ಗಂಟಿಕ್ಕಿದರು. "ಸೋತ ಕಾಲು ಹೀಗಿರಲ್ವಲ್ಲ! ದಿನಾ ಇವನನ್ನ ಹೊರಗೆ ಕರ್ಕೊಂಡು ಹೋಗೋರು ಯಾರು?"

"ನಾನೇ. ಎತ್ಕೊಂಡು ಹೋಗ್ತೀನಿ."

"ಊಟ?"

"ನಾನೇ. ಮಲಗಿದ ಕಡೆ ಬಾಯಿಗೆ ಇಡ್ತೀನಿ."

"ಹಾಂ" ಅಂದರು ಡಾಕ್ಟರಮ್ಮ. "ನೀವು ಸ್ವಲ್ಪ ಹೊರಗೆ ನಿಲ್ಲಿ. ಬಾಗಿಲ ಗಾಜಿನಲ್ಲಿ ನೋಡ್ತಾ ಇರಿ, ಆದರೆ ಅವನಿಗೆ ಕಾಣಿಸ್ಬೇಡಿ."

ಮೇಸ್ತ್ರಿಗಳು ಹೊರಗೆ ಹೋಗಿ ಗಾಜಿನ ಒಂದು ಮೂಲೆಗೆ ಒಂದೇ ಕಣ್ಣು ಒತ್ತಿ ನಿಂತರು. ಪೈಲ್ವಾನ ಬಾಗಿಲ ಕಡೆ ನೋಡಿದ. ಕಾದ. ಮತ್ತೆ ನೋಡಿದ. ಆಮೇಲೆ ಎದ್ದ. ಎದ್ದ ಎಂದರೆ ಹಾಗೆ ಹೀಗೆ ಅಲ್ಲ, ಮೈ ಮುರಿದು, ಆಕಳಿಸಿ, ಜಾಡಿಸಿಕೊಂಡು ಎದ್ದ. ಮೂರು ಕಾಲಿನಲ್ಲಿ ಕುಪ್ಪಳಿಸುತ್ತಾ ಕೋಣೆ ಒಂದು ಸುತ್ತು ಹೊಡೆದು, ಕಸದ ಬುಟ್ಟಿ ಪರಿಶೀಲಿಸಿ, ಡಾಕ್ಟರಮ್ಮನ ಮೇಜಿಗೆ ಗದ್ದ ಊರಿ, ಅಲ್ಲಿದ್ದ ಬಿಸ್ಕತ್ತನ್ನು ನಾಲಿಗೆಯಿಂದ ಎಳೆದುಕೊಂಡ. ಅದೆಲ್ಲ ನಡೆದದ್ದು ಬಿಳಿ ಟೈಲ್ಸ್ ಹಾಕಿದ, ನೊಣ ಕೂತರೂ ಜಾರುವಂಥ ನೆಲದ ಮೇಲೆ.

ಮೇಸ್ತ್ರಿಗಳು ಬಾಗಿಲು ತಳ್ಳಿ ಒಳಗೆ ನುಗ್ಗಿದರು. ಪೈಲ್ವಾನ ತಕ್ಷಣ ಧೊಪ್ಪನೆ ಮಲಗಿ, ಬಾಯಲ್ಲಿದ್ದ ಬಿಸ್ಕತ್ತನ್ನು ನುಂಗಿ, ಕುಂಯ್ ಎಂದು ಮುಂಗಾಲು ಎತ್ತಿದ.

"ನೋಡಿದ್ರಾ?" ಅಂದರು ಡಾಕ್ಟರಮ್ಮ. "ಅವನಿಗೆ ಏನೂ ಆಗಿಲ್ಲ. ಮೊದಲನೇ ವಾರದಲ್ಲೇ ನಡೆದಿದಾನೆ. ನೀವಿಲ್ಲದಾಗ."

"ಹಾಗಾದ್ರೆ... ನನ್ನ ಮೇಲೆ ಸಿಟ್ಟಿಲ್ವಾ ಡಾಕ್ಟ್ರೇ?"

"ಸಿಟ್ಟಾ? ಸಿಟ್ಟಿದ್ರೆ ನಿಮ್ಮ ಕೈಲಿ ಎತ್ತಿಸ್ಕೊಳ್ತಿದ್ನಾ? ಪಲ್ಲಕ್ಕಿ ಸಿಕ್ಕಿದೆ ಸ್ವಾಮಿ ಅವನಿಗೆ, ಇಳಿಯಕ್ಕೆ ಇಷ್ಟ ಇಲ್ಲ. ಇವತ್ತಿಂದ ಯಾರೂ ಎತ್ತಬಾರದು. ಎಷ್ಟು ಗೋಳಾಡಿದ್ರೂ ಎತ್ತಬಾರದು. ತಾನೇ ಏಳಬೇಕು. ಅಷ್ಟೇ ಔಷಧಿ. ಆದರೆ ಎತ್ತರಕ್ಕೆ ಹಾರೋದು ಮಾತ್ರ ಮೂರು ತಿಂಗಳು ಬೇಡ."

ಮೇಸ್ತ್ರಿಗಳಿಗೆ ನಗು ಬಂತು, ಅಳು ಬಂತು. ಅದಾದ ಮೇಲೆ ಮನೆಯ ನೆಲ ನೆನಪಿಗೆ ಬಂತು. ಮತ್ತೆ ಅಳುವೇ ಬಂತು.

ಮನೆಯ ಅಂಗಳಕ್ಕೆ ಬಂದಾಗ ಕಂಡಕ್ಟರಮ್ಮ ಮೆಟ್ಟಿಲಿನ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತು ಸುದ್ದಿಯೆಲ್ಲ ಕೇಳಿಸಿಕೊಂಡರು. "ನಾನು ಎರಡನೇ ದಿನವೇ ಬಡ್ಕೊಂಡೆ" ಅಂದರು. "ನಾನು ಐದನೇ ದಿನ" ಅಂದರು ಅತ್ತೆ ಒಳಗಿನಿಂದ. ಪೈಲ್ವಾನ ಮೆಟ್ಟಿಲ ಕೆಳಗೆ ಮಲಗಿ ಶುರುಮಾಡಿದ. ಕುಂಯ್ ಇದ್ದದ್ದು ಊಂ ಆಯಿತು, ಊಂ ಇದ್ದದ್ದು ಊಳು ಆಯಿತು. ಮೇಸ್ತ್ರಿಗಳು ಆ ಕಡೆ ತಿರುಗಿ, ಜಗಲಿಯ ಕಂಬವನ್ನು ತಬ್ಬಿಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿ ನಿಂತರು. ಮುಕ್ಕಾಲು ಗಂಟೆ. ಅಷ್ಟು ಹೊತ್ತು ಅವರು ಕಂಬ ಬಿಡದಂತೆ ಕಂಡಕ್ಟರಮ್ಮ ಅವರ ಕಾಲರ್ ಹಿಡಿದಿದ್ದರು ಎಂಬುದನ್ನೂ ಹೇಳಬೇಕು.

ಕೊನೆಗೆ ಊಳು ನಿಂತಿತು. ಒಂದು ನಿಟ್ಟುಸಿರು ಕೇಳಿತು. ಆಮೇಲೆ ಟಕ್, ಟಕ್, ಟಕ್. ಮೆಟ್ಟಿಲ ಮೇಲೆ ಉಗುರಿನ ಸದ್ದು. ಮೇಸ್ತ್ರಿಗಳು ಕಣ್ಣು ಬಿಟ್ಟು ತಿರುಗಿದರು. ಪೈಲ್ವಾನ ನಾಲ್ಕೂ ಮೆಟ್ಟಿಲು ಹತ್ತಿ, ಮೇಸ್ತ್ರಿಗಳ ಪಕ್ಕದಿಂದಲೇ, ಅವರ ಕಣ್ಣೆದುರೇ, ಒಳಗೆ ನಡೆದು ಹೋದ.

"ನಡೆದ ಕಣೇ! ನನ್ನ ಮುಂದೆ ನಡೆದ!" ಮೇಸ್ತ್ರಿಗಳು ಹೆಂಡತಿಯ ಎರಡೂ ಕೈ ಹಿಡಿದು ಕುಣಿದರು. ಹದಿನಾಲ್ಕು ದಿನದಲ್ಲಿ ಮೊದಲ ಸಲ ಕಂಡಕ್ಟರಮ್ಮ ನಕ್ಕರು, ಸೆರಗಿನಿಂದ ಕಣ್ಣೊರೆಸಿಕೊಂಡರು.

ಒಳಗೆ ಪೈಲ್ವಾನ ನಡುಮನೆಯಲ್ಲಿ ತನ್ನ ಮಾಮೂಲಿ ಜಾಗಕ್ಕೆ ಹೋಗಿ ಮಲಗಿದ. ಮಲಗಿದವನು ಹೊಟ್ಟೆಗೆ ಚುರುಕ್ ಎಂದಂತಾಗಿ ಎದ್ದ. ಮೂರು ಸುತ್ತು ತಿರುಗಿ ಇನ್ನೊಂದು ಕಡೆ ಮಲಗಿದ. ಅಲ್ಲಿಂದಲೂ ಎದ್ದ. ಹೊಟ್ಟೆಗೆ ತಣ್ಣಗೆ ನುಣ್ಣಗೆ ತಾಗುತ್ತಿದ್ದ ನೆಲ ಎಲ್ಲಿ ಹೋಯಿತೆಂದು ಕೋಣೆ ಕೋಣೆ ಹುಡುಕಿದ. ಮಲಗಿದಲ್ಲೆಲ್ಲ ಮುಳ್ಳು. ಮನೆಯಿಡೀ ನಡೆದ, ನಡೆದ, ನಡೆಯುತ್ತಲೇ ಇದ್ದ. "ನೋಡಿದ್ರಾ, ನನ್ನ ನೆಲ ಕೆಲಸ ಮಾಡ್ತು!" ಎಂದು ಮೇಸ್ತ್ರಿಗಳು ಹಿಂದೆಯೇ ಕುಂಟುತ್ತಾ ಹೋಗಿ ಸಾರುತ್ತಿದ್ದಾಗ, ಪೈಲ್ವಾನ ಮಲಗುವ ಕೋಣೆಯಲ್ಲಿ ಮೇಸ್ತ್ರಿಗಳ ಹಾಸಿಗೆಯನ್ನು ಕಂಡ. ಮುಂಗಾಲು ಎರಡನ್ನೂ ಮಂಚದ ಅಂಚಿಗಿಟ್ಟ. ಹಿಂದಿನ ಒಂಟಿ ಕಾಲು ಮಡಿಸಿದ.

"ಬೇಡ, ಹಾರ್ಬೇಡ! ಮೂರು ತಿಂಗಳು!" ಎಂದು ಮೇಸ್ತ್ರಿಗಳು ಓಡಿ ಹೋಗಿ, ಹದಿನಾಲ್ಕು ದಿನದ ಅಭ್ಯಾಸಬಲದಿಂದ ಬಗ್ಗಿ, ಹೊಟ್ಟೆಗೆ ಕೈ ಕೊಟ್ಟು ಎತ್ತಲು ಹೋದರು. ಅಷ್ಟರಲ್ಲಿ ಪೈಲ್ವಾನ ಮೇಲಿದ್ದ. ಮೇಸ್ತ್ರಿಗಳ ಸೊಂಟದಲ್ಲಿ ಏನೋ 'ಕಟಕ್' ಎಂದಿತು. ಬಗ್ಗಿದವರು ನೆಟ್ಟಗಾಗಲಿಲ್ಲ, ಹಾಗೇ ಒಂದು ಪಕ್ಕಕ್ಕೆ ಉರುಳಿ ನೆಲ ಸೇರಿದರು.

ತಾವೇ ಕುಟ್ಟಿದ ನೆಲ. ಒಂದೊಂದು ಮುಳ್ಳೂ ಬೆನ್ನಿಗೆ ಬೇರೆ ಬೇರೆಯಾಗಿ ತಾಗುತ್ತಿತ್ತು, ಒಂದು ಕಡೆಯೂ ಕೆಲಸ ತಪ್ಪಿರಲಿಲ್ಲ. ಮೇಲೆ ಹಾಸಿಗೆಯಲ್ಲಿ, ಅವರದೇ ದಿಂಬಿನ ಮೇಲೆ ತಲೆಯಿಟ್ಟು ಪೈಲ್ವಾನ ಆಗಲೇ ಕಣ್ಣು ಮುಚ್ಚಿದ್ದ. ಹೆಂಡತಿ, ಅತ್ತೆ ಓಡಿ ಬಂದು ಬಾಗಿಲಲ್ಲಿ ನಿಂತರು.

"ಏಳಕ್ಕಾಗ್ತಿಲ್ಲ ಕಣೇ" ಅಂದರು ಮೇಸ್ತ್ರಿಗಳು. ಒಂದು ಕೈ ಮೇಲೆತ್ತಿದರು. "ಸ್ವಲ್ಪ ಎತ್ತು."

ಕಂಡಕ್ಟರಮ್ಮ ಕೈ ನೀಡಲು ಮುಂದೆ ಬಂದವರು ಅರ್ಧದಲ್ಲಿ ನಿಂತರು. ಮೇಲೆತ್ತಿದ ಆ ಕೈಯನ್ನು ನೋಡಿದರು. ಹಾಸಿಗೆಯ ಮೇಲಿದ್ದವನನ್ನು ನೋಡಿದರು.

"ಎತ್ತಬಾರದು ಅಂದಿದಾರೆ ರೀ ಡಾಕ್ಟರಮ್ಮ" ಅಂದರು ಶಾಂತವಾಗಿ. "ಎಷ್ಟು ಗೋಳಾಡಿದ್ರೂ ಎತ್ತಬಾರದಂತೆ. ಅವನು ಮೂರು ಕಾಲಲ್ಲಿ ಎದ್ದ. ನಿಮಗೆ ಎರಡು ಕಾಲು, ಎರಡು ಕೈ. ಹೂಂ, ಬರ್ಲಿ, ಬರ್ಲಿ..."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಆದರೆ ಮೇಸ್ತ್ರಿಗಳಿಗೆ ನೋವಾಗಲಿಲ್ಲ. ಯಾಕೋ ನಗುವೇ ಬಂತು, ನಕ್ಕರೆ ಸೊಂಟ ಹಿಡಿಯಿತು, ಹಿಡಿದರೆ ಇನ್ನೂ ನಗು ಬಂತು. ಎರಡೂ ಅಂಗೈ ನೆಲಕ್ಕೆ ಊರಿದರು. ಮಂಡಿ ಊರಿದರು. ಅಯ್ಯೋ ಅಪ್ಪಾ ಎನ್ನುತ್ತಾ ನಾಲ್ಕು ಕಾಲಾಗಿ, ಆಮೇಲೆ ಮೂರಾಗಿ, ಕೊನೆಗೆ ಎರಡಾಗಿ ಎದ್ದು ನಿಂತರು. ನೆಲ ಮಾತ್ರ ಒಂಚೂರೂ ಜಾರಲಿಲ್ಲ.